ಒದ್ದೆ ಚಡ್ಡಿಗೆ ಮೊದಲ ಮದ್ದು ಹೊಟ್ಟೆಗೆ: ನನ್ನ ಅನುಭವ

“ಒಂದಕ್ಕೆ ಹೋಗುವ ತೊಂದರೆ ಅಂತ ಮಗುವನ್ನು ಕಳಿಸಿದರೆ, ಇವರು ಎರಡಕ್ಕೆ ಔಷಧಿ ಕೊಟ್ಟು ಕಳಿಸಿದ್ದಾರೆ” ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಏಳು ವರ್ಷದ ಹಿಂದೆ ಒಂದು ಸಭೆಯಲ್ಲಿ ನನ್ನ ಬಗ್ಗೆ ಹೇಳಿದಾಗ ಕೂತವರೆಲ್ಲ ನಕ್ಕಿದ್ದರು. ಉತ್ತರ ಕೊಡೋಣವೆಂದರೆ ಆಗ ನನ್ನ ಕೈಯಲ್ಲಿ ಲೆಕ್ಕವಿರಲಿಲ್ಲ. ಈಗ ಇದೆ. ಅಂದಿನಿಂದ ಮೂರರಿಂದ ಏಳು ವರ್ಷದ ಸುಮಾರು 300 ಮಕ್ಕಳನ್ನು, ಮೊದಲು ಮಲಬದ್ಧತೆ ಬಿಡಿಸಿ ಆಮೇಲೆ ಮೂತ್ರಕೋಶಕ್ಕೆ ಕೈಹಾಕುವ ಇದೇ ದಾರಿಯಲ್ಲಿ ನೋಡಿದ್ದೇನೆ. ಹಗಲು ಹೊತ್ತು ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದವರಲ್ಲಿ ಹತ್ತಕ್ಕೆ ಆರೇಳು ಮಕ್ಕಳಿಗೆ ಮೂತ್ರಕೋಶದ ಔಷಧಿ ಒಂದು ಹನಿಯೂ ಬೇಕಾಗಲಿಲ್ಲ. ಆವತ್ತು ನಕ್ಕವರಲ್ಲಿ ಇಬ್ಬರು ಈಗ ಚೀಟಿ ಬರೆದು ಮಕ್ಕಳನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಈ ಬರಹ ಇದೇ ಕೆಲಸ ಮಾಡುವವರಿಗೆ. ಮೂತ್ರಕೋಶ ಹೇಗೆ ತುಂಬುತ್ತದೆ, ಯಾವ ನರ ಎಲ್ಲಿಂದ ಹೊರಡುತ್ತದೆ ಎಂಬ ಪಾಠ ನಿಮಗೆ ಗೊತ್ತಿದೆ. ಅದನ್ನು ಬಿಟ್ಟು ನಾನು ಎಲ್ಲಿ ಎಡವಿದೆ, ಎಲ್ಲಿ ದುಡ್ಡು ಕಳೆದೆ, ಕೊನೆಗೆ ಯಾವುದು ಕೈಹಿಡಿಯಿತು ಎಂಬುದನ್ನಷ್ಟೇ ಹೇಳುತ್ತೇನೆ.

ಶುರುವಿನ ಎರಡು ವರ್ಷ ಎಲ್ಲರಂತೆ ನಾನೂ ಮೊದಲ ಭೇಟಿಯಲ್ಲೇ ಮೂತ್ರಕೋಶದ ಹಿಂಡುವಿಕೆ ತಗ್ಗಿಸುವ ಆಕ್ಸಿಬ್ಯುಟಿನಿನ್ ಬರೆಯುತ್ತಿದ್ದೆ. ಐದು ವರ್ಷದ ಒಬ್ಬ ಹುಡುಗನನ್ನು ಮರೆಯಲಾರೆ. ದಿನಕ್ಕೆ ಹದಿನಾಲ್ಕು ಸಲ ಓಡುತ್ತಿದ್ದ, ಪ್ರತಿ ಸಲವೂ 40 ಮಿಲಿ ಆಸುಪಾಸು. ಔಷಧಿ ಶುರುವಾದ ಹತ್ತು ದಿನಕ್ಕೆ ಏಳೆಂಟು ಸಲಕ್ಕೆ ಇಳಿಯಿತು, ಅವನ ತಾಯಿ ಫೋನ್ ಮಾಡಿ ಸಂತೋಷಪಟ್ಟರು. ಮೂರನೇ ವಾರ ಚಳಿಜ್ವರ. ಸ್ಕ್ಯಾನ್ ಮಾಡಿದರೆ ಉಚ್ಚೆ ಹೊಯ್ದ ಮೇಲೂ ಒಳಗೆ 70 ಮಿಲಿ ಉಳಿದಿತ್ತು, ಕಲ್ಚರ್‌ನಲ್ಲಿ ಸೋಂಕು ತರುವ ಇ. ಕೋಲೈ ಕ್ರಿಮಿ ಬೆಳೆಯಿತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಆ ನಾಲ್ಕು ದಿನಕ್ಕೆ ಆ ಮನೆಯವರು ಕಟ್ಟಿದ ದುಡ್ಡಿನಲ್ಲಿ ನಾನು ಈಗ ಕೊಡುವ, ಮಲ ಸಡಿಲಿಸುವ ಪುಡಿಯನ್ನು ಎರಡು ವರ್ಷ ಕೊಡಬಹುದಿತ್ತು. ಆ ಹುಡುಗನ ಹೊಟ್ಟೆಯನ್ನು ಮೊದಲ ದಿನ ನಾನು ಸರಿಯಾಗಿ ಮುಟ್ಟಿ ನೋಡಿರಲಿಲ್ಲ. ಎಡಗಡೆ ಕಿಬ್ಬೊಟ್ಟೆಯಲ್ಲಿ ಉಂಡೆಯುಂಡೆಯಾಗಿ ಕೈಗೆ ಸಿಗುತ್ತಿತ್ತು. ಮೊದಲೇ ಕಟ್ಟಿಕೊಂಡಿದ್ದ ಹೊಟ್ಟೆಯನ್ನು ನನ್ನ ಔಷಧಿ ಇನ್ನಷ್ಟು ಕಟ್ಟಿತ್ತು. ಅದರ ಜೊತೆಗೆ, ಪೂರ್ತಿ ಖಾಲಿಯಾಗದ ಮೂತ್ರಕೋಶವನ್ನು ಇನ್ನಷ್ಟು ಸೋಮಾರಿ ಮಾಡಿತ್ತು. ಆ ವರ್ಷದ ನನ್ನ ಮೊದಲ ನಲವತ್ತು ಮಕ್ಕಳಲ್ಲಿ ಆರು ತಿಂಗಳಾದ ಮೇಲೂ ಒದ್ದೆ ನಿಂತದ್ದು ಹನ್ನೊಂದೋ ಹನ್ನೆರಡೋ ಮಕ್ಕಳಿಗೆ ಮಾತ್ರ.

ದಾರಿ ತಿರುಗಿದ್ದು ಸ್ಕ್ಯಾನ್ ಪರದೆಯ ಮುಂದೆ. ನಾಲ್ಕು ವರ್ಷದ ಒಬ್ಬಳ ಮೂತ್ರಕೋಶ ತುಂಬಿದ್ದಾಗ ಕಿಬ್ಬೊಟ್ಟೆಯ ಮೇಲೆ ಪ್ರೋಬ್ ಅಡ್ಡಡ್ಡ ಇಟ್ಟು ಸ್ವಲ್ಪ ಕೆಳಗೆ ಬಾಗಿಸಿದೆ. ಮೂತ್ರಕೋಶದ ಹಿಂಗೋಡೆ ಒಳಕ್ಕೆ ತಗ್ಗಿತ್ತು, ಬೆನ್ನ ಹಿಂದೆ ಯಾರೋ ಮೊಣಕೈ ಒತ್ತಿದಂತೆ. ಒತ್ತುತ್ತಿದ್ದದ್ದು ಮಲಾಶಯ, ಅಗಲ ಅಳೆದರೆ 44 ಮಿಲಿಮೀಟರ್. ಎರಡಕ್ಕೆ ಅರ್ಜೆಂಟಿಲ್ಲದ ಹೊತ್ತಿನಲ್ಲಿ 30 ದಾಟಿದರೆ ಅದು ತುಂಬಿಕೊಂಡಿದೆ ಎಂದೇ ಅರ್ಥ. “ದಿನಾ ಎರಡಕ್ಕೆ ಹೋಗ್ತಾಳೆ ಡಾಕ್ಟ್ರೇ” ಎಂದು ತಾಯಿ ಹೇಳಿದ್ದು ಸುಳ್ಳಲ್ಲ. ದಿನಾ ಹೋಗುತ್ತಿದ್ದಳು, ಮೇಲಿನ ಒಂದಿಷ್ಟು ಹೊರಬಂದು, ಹಳೆಯದು ಒಳಗೇ ಕೂತಿರುತ್ತಿತ್ತು. ಆವತ್ತು ಮೂತ್ರಕೋಶಕ್ಕೆ ಏನೂ ಕೊಡದೆ ಹೊಟ್ಟೆ ಮಾತ್ರ ಖಾಲಿ ಮಾಡಿಸಿದೆ. ಆರನೇ ವಾರಕ್ಕೆ ಒಂದೂ ಒದ್ದೆ ಚಡ್ಡಿಯಿಲ್ಲ.

ಇದು ನನ್ನ ಆವಿಷ್ಕಾರವಲ್ಲ. ಓ’ರೀಗನ್ ಎಂಬ ವೈದ್ಯರು 1980ರ ದಶಕದಲ್ಲೇ ಇದನ್ನು ಬರೆದಿದ್ದರು. 1997ರಲ್ಲಿ ಲೋನಿಂಗ್-ಬಾಕ್ ಮಲಬದ್ಧತೆಯ 234 ಮಕ್ಕಳನ್ನು ಹಿಂಬಾಲಿಸಿ ನೋಡಿದಾಗ ಅವರಲ್ಲಿ ನೂರಕ್ಕೆ 29 ಮಕ್ಕಳು ಹಗಲು, 34 ಮಕ್ಕಳು ರಾತ್ರಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಮಲಬದ್ಧತೆ ವಾಸಿಯಾದವರಲ್ಲಿ ಹಗಲಿನ ಒದ್ದೆ ನೂರಕ್ಕೆ 89 ಮಕ್ಕಳಿಗೂ ರಾತ್ರಿಯದು 63 ಮಕ್ಕಳಿಗೂ ನಿಂತಿತು. ಆದರೆ ವರ್ಷ ಕಳೆದರೂ ಮಲಬದ್ಧತೆ ವಾಸಿಯಾದದ್ದು ಅರ್ಧದಷ್ಟು ಮಕ್ಕಳಿಗೆ ಮಾತ್ರ. ಈ ಕೊನೆಯ ಮಾತನ್ನು ಓದದೆ ಮುಂದೆ ಹೋದವರೇ “ನಾವೂ ಮಾಡಿ ನೋಡಿದೆವು, ಆಗಲಿಲ್ಲ” ಎನ್ನುವವರು. ಎರಡು ವಾರ ಮಲ ಸಡಿಲಿಸುವ ಔಷಧಿ (ಲ್ಯಾಕ್ಸೆಟಿವ್) ಕೊಟ್ಟು ನಿಲ್ಲಿಸಿದರೆ ಯಾವ ಮಗುವಿಗೂ ಆಗುವುದಿಲ್ಲ. ನನಗೂ ಮೊದಮೊದಲು ಆಗಲಿಲ್ಲ.

ಗುರುತಿಸುವ ವಿಷಯಕ್ಕೆ ಬರುತ್ತೇನೆ. ಮೂರು-ನಾಲ್ಕು ವರ್ಷದ ಮಗು ತನಗೇನಾಗುತ್ತಿದೆ ಎಂದು ಹೇಳುವುದಿಲ್ಲ, ಮೈಯಲ್ಲಿ ತೋರಿಸುತ್ತದೆ. ನಾನು ತಾಯಿತಂದೆಯ ಜೊತೆ ಮಾತಾಡುತ್ತಾ ಮೂಲೆಯಲ್ಲಿ ಆಟವಾಡುವ ಮಗುವನ್ನೇ ನೋಡುತ್ತಿರುತ್ತೇನೆ. ಕಾಲು ಹೆಣೆಯುವುದು, ತುದಿಗಾಲಲ್ಲಿ ಕುಣಿಯುವುದು, ಮುಂದೆ ಕೈಯಿಟ್ಟು ಹಿಡಿದುಕೊಳ್ಳುವುದು, ಇದ್ದಕ್ಕಿದ್ದಂತೆ ಕುಕ್ಕರಗಾಲಲ್ಲಿ ಕೂತು ಹಿಮ್ಮಡಿಯನ್ನು ಕೆಳಗೆ ಒತ್ತಿಕೊಳ್ಳುವುದು. ಹಿಮ್ಮಡಿ ಒತ್ತಿ ಕೂರುವುದಕ್ಕೆ ವಿನ್ಸೆಂಟ್ ಭಂಗಿ ಎಂದು ಹೆಸರೇ ಇದೆ. ಎಷ್ಟೋ ಮನೆಗಳಲ್ಲಿ ಇದನ್ನು ಹಟ ಎನ್ನುತ್ತಾರೆ, ಕೆಟ್ಟ ಚಾಳಿ ಎಂದು ಕೈಗೆ ಹೊಡೆಯುತ್ತಾರೆ. ಅದು ಹಟವಲ್ಲ. ಮೂತ್ರಕೋಶ ತಾನಾಗಿ ಹಿಂಡಿಕೊಳ್ಳುವಾಗ ಆ ಪುಟ್ಟ ಜೀವ ಹಿಮ್ಮಡಿಯಿಂದ ಬಾಗಿಲು ಮುಚ್ಚುತ್ತಿರುತ್ತದೆ. ಇದನ್ನು ತಿಳಿಸಿ ಹೇಳಿದಾಗ ಅತ್ತ ತಂದೆಯರನ್ನು ನೋಡಿದ್ದೇನೆ. ಬೈಯುವುದು ನಿಂತರೆ ಅರ್ಧ ಕೆಲಸ ಆದಂತೆ ಎಂದು ನಾನು ನಂಬುತ್ತೇನೆ. ಹೆದರಿದ ಮಗು ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿಯುತ್ತದೆ, ಬಿಗಿಹಿಡಿದಷ್ಟೂ ಎರಡೂ ಬಾಗಿಲು ಮುಚ್ಚುತ್ತವೆ.

ಎರಡು ದಿನದ ಡೈರಿ ಇಲ್ಲದೆ ನಾನು ಔಷಧಿ ಬರೆಯುವುದಿಲ್ಲ. ಅಳತೆಯ ಲೋಟವೊಂದನ್ನು ಕೊಟ್ಟು ಕಳಿಸುತ್ತೇನೆ: ಎಷ್ಟು ಹೊತ್ತಿಗೆ, ಎಷ್ಟು ಮಿಲಿ, ಎಷ್ಟು ಕುಡಿಯಿತು, ಯಾವಾಗ ಒದ್ದೆ. ಜೊತೆಗೆ ಎರಡು ವಾರ ಮಲದ ಚಿತ್ರ ಗುರುತು ಹಾಕುವುದು. ಬ್ರಿಸ್ಟಲ್ ಪಟದ ಏಳು ಚಿತ್ರಗಳಲ್ಲಿ ಇವತ್ತು ಯಾವುದು ಎಂದು ಮಗುವೇ ತೋರಿಸುತ್ತದೆ, ಖುಷಿಯಿಂದ ತೋರಿಸುತ್ತದೆ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಆ ವಯಸ್ಸಿನಲ್ಲಿ ಮೂತ್ರಕೋಶ ಹಿಡಿಯಬೇಕಾದ ಮಿಲಿ. ನಾಲ್ಕು ವರ್ಷಕ್ಕೆ 150. ಬೆಳಗಿನ ಮೊದಲ ಉಚ್ಚೆ ಬಿಟ್ಟು ಉಳಿದವುಗಳಲ್ಲಿ ದೊಡ್ಡದು ಅದರ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಾದರೆ ಚಿಕ್ಕದು ಎನ್ನುತ್ತೇನೆ. ದಿನಕ್ಕೆ ನಾಲ್ಕರಿಂದ ಏಳು ಸಲ ಸರಿ. ಎಂಟು ಮುಟ್ಟಿದರೆ ಹೆಚ್ಚು, ಮೂರೇ ಸಲವಾದರೆ ತಡೆದಿಡುವ ಮಗು. ಮೂರು ಸಲದ ಮಗುವನ್ನು ಯಾರೂ ಗಮನಿಸುವುದಿಲ್ಲ, ಎಲ್ಲ ಓಡುವ ಮಗುವನ್ನೇ ಕರೆತರುತ್ತಾರೆ. ಪದೇ ಪದೇ ಸೋಂಕು ತಂದುಕೊಳ್ಳುವುದರಲ್ಲಿ ಈ ತಡೆದಿಡುವ ಹುಡುಗಿಯರು ಮುಂದು.

ಇನ್ನೊಂದು ಗುಂಪಿದೆ: ನಿನ್ನೆಯವರೆಗೆ ಚೆನ್ನಾಗಿದ್ದು ಇವತ್ತು ಹತ್ತು ನಿಮಿಷಕ್ಕೊಮ್ಮೆ ಓಡುವ ಮಗು. ಹೋದಾಗ ನಾಲ್ಕು ಹನಿ. ಚಡ್ಡಿ ಒದ್ದೆಯಿಲ್ಲ, ಉರಿಯಿಲ್ಲ, ರಾತ್ರಿ ನಿದ್ದೆಯಲ್ಲಿ ಒಮ್ಮೆಯೂ ಏಳುವುದಿಲ್ಲ. ಉಚ್ಚೆ ಪರೀಕ್ಷೆ, ಸಕ್ಕರೆ ಎರಡೂ ಸರಿಯಿದ್ದರೆ ಕೈಕಟ್ಟಿ ಕೂರಿ. ವಾರಗಳಲ್ಲಿ ಅಥವಾ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ.

ಈಗ ಹೊಟ್ಟೆ ಗುಡಿಸುವ ಕೆಲಸ. ನಾನು ಬಳಸುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಗುಡಿಸುವ ಹಂತದಲ್ಲಿ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.5 ಗ್ರಾಂ, ಮೂರರಿಂದ ಆರು ದಿನ; ಆಮೇಲೆ ಮತ್ತೆ ಕಟ್ಟದಂತೆ ಕಾಯುವ ಹಂತದಲ್ಲಿ ಕಿಲೋಗೆ 0.4 ಗ್ರಾಂನಿಂದ ಶುರುಮಾಡಿ ಮಲ ನೋಡಿ ಏರಿಸಿ ಇಳಿಸುವುದು. ನನ್ನ ಮೊದಲ ವರ್ಷದ ಸೋಲೆಲ್ಲ ಮೂರು ಕಡೆ ಆದದ್ದು. ಒಂದು, ಗುಡಿಸದೆ ನೇರವಾಗಿ ಕಾಯುವ ಪ್ರಮಾಣ ಕೊಟ್ಟೆ. ಗಟ್ಟಿ ಉಂಡೆಯ ಪಕ್ಕದಿಂದ ನೀರು ಸೋರಿ ಚಡ್ಡಿಗೆ ಅಂಟಿತು. “ಭೇದಿ ಶುರುವಾಗಿದೆ” ಎಂದು ಮನೆಯವರು ಪುಡಿ ನಿಲ್ಲಿಸಿದರು. ಈಗ ಇದನ್ನು ಮೊದಲೇ ಹೇಳಿ, ಕಾಗದದ ಮೇಲೆ ಬರೆದೂ ಕೊಡುತ್ತೇನೆ: ಕಂದು ನೀರು ಬಂದರೆ ನಿಲ್ಲಿಸಬೇಡಿ, ನನಗೆ ಫೋನ್ ಮಾಡಿ. ಎರಡನೆಯದು, ಶಾಲೆಯ ದಿನಗಳಲ್ಲಿ ಗುಡಿಸಲು ಹೋದೆ. ಒಬ್ಬ ಹುಡುಗನಿಗೆ ತರಗತಿಯಲ್ಲೇ ಆಗಿಹೋಯಿತು. ಆ ನಾಚಿಕೆ ಅವನನ್ನು ಆರು ತಿಂಗಳು ಹಿಂದಕ್ಕೆ ತಳ್ಳಿತು. ಅದರ ಹೊಣೆ ನನ್ನದು. ಈಗ ರಜೆ ನೋಡಿಯೇ ಶುರುಮಾಡುತ್ತೇನೆ. ಮೂರನೆಯದು, ಬೇಗ ನಿಲ್ಲಿಸಿದೆ. ಕಾಯುವ ಹಂತ ಕಡಿಮೆಯೆಂದರೂ ಎರಡು ತಿಂಗಳು, ಎಲ್ಲ ಲಕ್ಷಣ ಹೋಗಿ ಒಂದು ತಿಂಗಳಾದ ಮೇಲೆ ನಿಧಾನವಾಗಿ ಇಳಿಸುವುದು ಎಂದು ನಿಯಮ. ನನ್ನ ಮಕ್ಕಳಿಗೆ ಸರಾಸರಿ ಏಳೆಂಟು ತಿಂಗಳು ಬೇಕಾಗಿದೆ. ಹಿಗ್ಗಿದ ಚೀಲ ಕುಗ್ಗಲು ಕಾಲ ಬೇಕು. ಇಳಿಸುವಾಗ ಎರಡು ವಾರಕ್ಕೆ ಕಾಲುಭಾಗದಂತೆ ಇಳಿಸುತ್ತೇನೆ, ಮಲಾಶಯ 30 ಮಿಲಿಮೀಟರ್‌ಗಿಂತ ಕೆಳಗೆ ಬಂದದ್ದನ್ನು ಸ್ಕ್ಯಾನಿನಲ್ಲಿ ಕಂಡ ಮೇಲೆಯೇ.

ಮೂರು ವರ್ಷದ ಮಗುವಿಗೆ ಅಷ್ಟು ಪುಡಿ ಕಲಸಿದ ನೀರು ಕುಡಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಕರಗಿಸಿ ತಣ್ಣಗೆ ಮಾಡಿ, ದಿನದ ಪಾಲನ್ನು ಸಣ್ಣ ಸಣ್ಣ ಲೋಟಗಳಲ್ಲಿ ಹಂಚಿ ಇಡುವುದು ಎಲ್ಲರಿಗೂ ಗೊತ್ತಿರುವ ದಾರಿ. ನಮ್ಮ ನರ್ಸ್ ಮತ್ತು ನಾನು ಸೇರಿ ಕಟ್ಟಿದ ಒಂದು ಆಟವಿದೆ. ಅದರಲ್ಲಿ ಮಗು ತಾನೇ ಲೋಟ ಕೇಳುತ್ತದೆ. ಆ ಆಟವನ್ನು ಇಲ್ಲಿ ಬರೆಯುವುದಿಲ್ಲ. ಬಂದು ಒಂದು ಮಧ್ಯಾಹ್ನ ಕೂತು ನೋಡಿದವರಿಗೆ ತೋರಿಸುತ್ತೇನೆ. ಬರೆದು ಕೊಟ್ಟರೆ ಅದು ಬರೀ ಪುಸಲಾವಣೆಯಾಗಿ ಕೆಡುತ್ತದೆ.

ಹೊಟ್ಟೆ ಖಾಲಿಯಾದರೆ ಸಾಲದು, ಕೂರುವುದು ಸರಿಯಾಗಬೇಕು. ದೊಡ್ಡವರ ಟಾಯ್ಲೆಟ್ ಸೀಟಿನ ಮೇಲೆ ಮಗುವನ್ನು ಕೂರಿಸಿ ನೋಡಿ: ಕಾಲು ಗಾಳಿಯಲ್ಲಿ, ಬೀಳುವ ಭಯ, ಎರಡೂ ಕೈ ಸೀಟಿನ ಅಂಚನ್ನು ಹಿಡಿದಿರುತ್ತವೆ. ಆ ಮೈಯಲ್ಲಿ ಯಾವ ಸ್ನಾಯು ಸಡಿಲವಾದೀತು? ಪಾದದ ಕೆಳಗೆ ಗಟ್ಟಿ ಮಣೆ, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ, ತೊಡೆ ಅಗಲ, ಮೈ ಮುಂದಕ್ಕೆ. ಮೂತ್ರಕೋಶದ ಚಿಕಿತ್ಸೆಯಲ್ಲಿ ಅತಿ ಅಗ್ಗದ ಸಲಕರಣೆ ಆ ಮಣೆ, ನನ್ನ ಮಟ್ಟಿಗೆ ಅತಿ ಬೆಲೆಯುಳ್ಳದ್ದೂ ಅದೇ. ಊಟವಾಗಿ ಇಪ್ಪತ್ತು-ಮೂವತ್ತು ನಿಮಿಷಕ್ಕೆ ದೊಡ್ಡ ಕರುಳು ತಾನೇ ಕದಲುತ್ತದೆ. ಆ ಹೊತ್ತಿಗೆ ಐದು ನಿಮಿಷ ಕೂರಿಸಿ, ಬಂದರೂ ಸರಿ, ಬಾರದಿದ್ದರೂ ಸರಿ. ತಿಣುಕಲು ಹೇಳಬಾರದು. ಸೋಪಿನ ಗುಳ್ಳೆ ಊದಲು ಕೊಡುತ್ತೇನೆ. ಊದುವಾಗ ಹೊಟ್ಟೆಯೊಳಗೆ ಒತ್ತಡ ಹದವಾಗಿ ಏರುತ್ತದೆ, ಕೆಳಗಿನ ಬಿಗಿತ ಸಡಿಲುತ್ತದೆ. ಮೊದಲು ಕಾಗದದ ಗಿರಿಗಿಟ್ಟಲೆ ಕೊಟ್ಟು ನೋಡಿದ್ದೆ. ಮಕ್ಕಳು ಜೋರಾಗಿ ಊದಿ ಊದಿ ಮೈ ಬಿಗಿಹಿಡಿಯುತ್ತಿದ್ದರು. ಗುಳ್ಳೆಗೆ ಮೆಲ್ಲಗೆ ಊದಿದರೇ ಆಗುವುದು, ಅದಕ್ಕೇ ಅದು ಗೆದ್ದಿತು. ಊದುವಾಗ ನಾನು ಮಗುವಿಗೆ ಹೇಳುವ ಒಂದು ಪುಟ್ಟ ಕತೆಯಿದೆ, ಅದು ನನ್ನ ಜೊತೆಗೇ ಇರಲಿ.

ಉಚ್ಚೆಗೆ ಎರಡರಿಂದ ಎರಡೂವರೆ ಗಂಟೆಗೊಮ್ಮೆ, ಅರ್ಜೆಂಟಾಗುವ ಮೊದಲೇ. “ಬಂದಿದೆಯಾ?” ಎಂದು ಕೇಳಬೇಡಿ ಎಂದು ಮನೆಯವರಿಗೆ ಹೇಳುತ್ತೇನೆ, ಉತ್ತರ ಯಾವಾಗಲೂ “ಇಲ್ಲ” ಎಂದೇ. “ಹೊತ್ತಾಯಿತು ಪುಟ್ಟಾ” ಎಂದರೆ ಸಾಕು. ಇದಕ್ಕಾಗಿ ನಡುಗುವ ಕೈಗಡಿಯಾರಗಳನ್ನು ಒಂದು ಡಜನ್ ತರಿಸಿದೆ, ನನ್ನ ಕೈದುಡ್ಡಿನಿಂದ. ಆರು ವರ್ಷ ದಾಟಿದವರಿಗೆ ಅದು ಕೆಲಸ ಮಾಡಿತು. ಅದಕ್ಕಿಂತ ಚಿಕ್ಕವರು ಎರಡು ದಿನ ಆಟವಾಡಿ ಬಿಸಾಡಿದರು. ಹನ್ನೆರಡರಲ್ಲಿ ಏಳು ವಾಪಸ್ ಬಂದವು. ಚಿಕ್ಕವರಿಗೆ ಶಾಲೆಯ ಶಿಕ್ಷಕಿಗೆ ನಾಲ್ಕು ಸಾಲಿನ ಕಾಗದ ಬರೆದು ಕೊಡುವುದೇ ಗಡಿಯಾರಕ್ಕಿಂತ ಮೇಲು: ಈ ಮಗು ಕೇಳಿದಾಗ ಕಳಿಸಿ, ಕೇಳದಿದ್ದರೂ ಇಂಥ ಹೊತ್ತಿಗೆ ಕಳಿಸಿ.

ದುಡ್ಡಿನ ದೊಡ್ಡ ಪೆಟ್ಟು ಯೂರೋಫ್ಲೋ ಯಂತ್ರ. ಸಾಲ ಮಾಡಿ ಕೊಂಡೆ, ಮೂರು ವರ್ಷ ಕಂತು ಕಟ್ಟಿದೆ. ಉಚ್ಚೆ ಗಂಟೆಯಾಕಾರದಲ್ಲಿ ಒಂದೇ ಧಾರೆಯಾಗಿ ಹೋಗುತ್ತದೆಯೋ, ತಡೆದು ತಡೆದು ಏರಿಳಿಯುತ್ತದೆಯೋ, ಅಗಲವಾಗಿ ಚಪ್ಪಟೆಯಾಗಿ ಎಳೆಯುತ್ತದೆಯೋ ಎಂಬುದನ್ನು ಅದು ಚೆನ್ನಾಗಿ ಬರೆದು ತೋರಿಸುತ್ತದೆ, ಸುಳ್ಳಾಡಬಾರದು. ಆದರೆ ವಾರಕ್ಕೆ ಎರಡು ಮಕ್ಕಳಿಗೆ ಅದು ಬೇಕಾಗುತ್ತದೆ ಅಷ್ಟೇ. ಉಳಿದವರಿಗೆ ನಾನು ಪರದೆಯ ಆಚೆ ನಿಂತು ಧಾರೆಯ ಸದ್ದು ಕೇಳುತ್ತೇನೆ. ಇಷ್ಟು ವರ್ಷಕ್ಕೆ ಕಿವಿ ಪಳಗಿದೆ. ಆಮೇಲೆ ಐದು ನಿಮಿಷದೊಳಗೆ ಸ್ಕ್ಯಾನ್ ಇಟ್ಟು ಒಳಗೆ ಉಳಿದ ಉಚ್ಚೆ, ಅಂದರೆ ಉಳಿಕೆ, ನೋಡುತ್ತೇನೆ. ಆರು ವರ್ಷದವರೆಗಿನ ಮಗುವಿಗೆ ಎರಡು ಸಲ ನೋಡಿದಾಗಲೂ 20 ಮಿಲಿ ದಾಟಿದರೆ ನಾನು ಬಿಡುವುದಿಲ್ಲ. ಅಂಥವರಿಗೆ ಎರಡು ಹಂತದ ಉಚ್ಚೆ: ಒಮ್ಮೆ ಹೊಯ್ದು, ಎದ್ದು, ಕೈತೊಳೆದು, ಒಂದು ಪದ್ಯ ಹೇಳಿ ಮತ್ತೆ ಕೂರುವುದು. ಯಂತ್ರ ಕೊಳ್ಳಬೇಕೆಂದು ಹೊರಟವರಿಗೆ ನನ್ನ ಮಾತು: ಮೊದಲು ದುಡ್ಡನ್ನು ಸ್ಕ್ಯಾನಿಗೆ ಹಾಕಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದನ್ನು ಇಟ್ಟುಕೊಳ್ಳಿ. ರಾತ್ರಿಯ ಡೈಪರ್ ತೂಗಿ, ಒಣ ಡೈಪರ್ ತೂಕ ಕಳೆದು, ಬೆಳಗಿನ ಮೊದಲ ಉಚ್ಚೆ ಕೂಡಿಸಿದರೆ ರಾತ್ರಿಯ ಉತ್ಪತ್ತಿ ಸಿಗುತ್ತದೆ. ಗ್ರಾಮಿಗೆ ಒಂದು ಮಿಲಿ.

ಇನ್ನೊಂದು ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಇಂಥ ಮಗುವಿನ ಮೊದಲ ಭೇಟಿಗೆ ಮುಕ್ಕಾಲು ಗಂಟೆ ಬೇಕು. ಶೀತಕ್ಕೆ ಬಂದ ಮಗುವಿನ ಶುಲ್ಕವೇ ಇದಕ್ಕೂ. ಮೊದಲ ವರ್ಷ ನನ್ನ ಸಂಪಾದನೆ ಕಾಲುಭಾಗದಷ್ಟು ಇಳಿಯಿತು, ಮನೆಯಲ್ಲಿ ಮಾತು ಬಂತು. ಎಲ್ಲ ಮೂತ್ರಕೋಶದ ಮಕ್ಕಳನ್ನು ವಾರದ ಒಂದೇ ಮಧ್ಯಾಹ್ನಕ್ಕೆ ತಂದು, ಡೈರಿ ಓದುವುದನ್ನು ನರ್ಸ್‌ಗೆ ಕಲಿಸಿದ ಮೇಲೆ ಸರಿಹೋಯಿತು. ಡೈರಿಯನ್ನು ಆಕೆ ನನಗಿಂತ ಚೆನ್ನಾಗಿ ಓದುತ್ತಾರೆ. ಕಾಯುವ ಜಾಗದಲ್ಲಿ ಹತ್ತು ಮಕ್ಕಳು ಒಟ್ಟಿಗೆ ಇರುವುದರಿಂದ ಇನ್ನೊಂದು ಲಾಭವಾಯಿತು: ತನ್ನ ಮಗುವೊಂದೇ ಹೀಗೆ ಎಂದುಕೊಂಡು ಬಂದ ತಾಯಂದಿರು ಅಲ್ಲೇ ಒಬ್ಬರಿಗೊಬ್ಬರು ಹೇಳಿಕೊಂಡು ಹಗುರಾಗುತ್ತಾರೆ.

ಸ್ವಲ್ಪ ಆಚೀಚೆ ಹೋಗುತ್ತೇನೆ. ಹಸುಗೂಸುಗಳ ಉಚ್ಚೆ ಹಿಡಿಯುವುದು ನನ್ನ ಹಳೆಯ ತಲೆನೋವು. ಅಂಟಿಸುವ ಚೀಲದ ಉಚ್ಚೆಯಲ್ಲಿ ಚರ್ಮದ ಕ್ರಿಮಿಗಳೇ ಬೆಳೆದು, ಇಲ್ಲದ ಸೋಂಕಿಗೆ ಎಷ್ಟು ಮಕ್ಕಳಿಗೆ ಆಂಟಿಬಯಾಟಿಕ್ ಕೊಟ್ಟಿದ್ದೇವೋ. 2013ರಲ್ಲಿ ಬಂದ ತಟ್ಟುವ ವಿಧಾನವನ್ನು ನಾನು ಹಿಡಿದುಕೊಂಡೆ: ಹಾಲು ಕುಡಿಸಿ ಇಪ್ಪತ್ತೈದು ನಿಮಿಷಕ್ಕೆ, ಒರೆಸಿ ಶುಚಿಮಾಡಿ, ಒಬ್ಬರು ಕಂಕುಳಲ್ಲಿ ಹಿಡಿದು ಕಾಲು ಇಳಿಬಿಡುವಂತೆ ಎತ್ತಿಕೊಳ್ಳಬೇಕು. ಇನ್ನೊಬ್ಬರು ಕಿಬ್ಬೊಟ್ಟೆಯ ಮೇಲೆ ಬೆರಳ ತುದಿಯಿಂದ ನಿಮಿಷಕ್ಕೆ ನೂರರ ಲಯದಲ್ಲಿ ಅರ್ಧ ನಿಮಿಷ ತಟ್ಟಿ, ಆಮೇಲೆ ಸೊಂಟದ ಎರಡೂ ಬದಿ ಅರ್ಧ ನಿಮಿಷ ವೃತ್ತಾಕಾರವಾಗಿ ಉಜ್ಜಬೇಕು. ಧಾರೆ ಬರುವವರೆಗೂ ಹೀಗೇ. ನವಜಾತ ಶಿಶುಗಳಲ್ಲಿ ಆ ಅಧ್ಯಯನಕ್ಕೆ ನೂರಕ್ಕೆ 86 ಸಿಕ್ಕಿತ್ತು. ನನ್ನ ಕೈಯಲ್ಲಿ ತಿಂಗಳೊಳಗಿನವರಿಗೆ ಹತ್ತಕ್ಕೆ ಏಳೆಂಟು, ಆರು ತಿಂಗಳು ಸಮೀಪಿಸಿದವರಿಗೆ ಮೂರೋ ನಾಲ್ಕೋ. ನಡುಧಾರೆ ಹಿಡಿಯಲು ಮೂರನೆಯವರು ಬೇಕು, ಸಾಮಾನ್ಯವಾಗಿ ಅಪ್ಪ. ಸಿಗದಿದ್ದರೆ, ಮಗುವಿಗೆ ಜ್ವರ ಜೋರಾಗಿದ್ದರೆ, ಕಾಯುತ್ತಾ ಕೂರದೆ ಸಣ್ಣ ನಳಿಗೆ (ಕೆತೀಟರ್) ಹಾಕಿ ಉಚ್ಚೆ ತೆಗೆಯುತ್ತೇನೆ. ಕಾರಣ ಕಾಣದ ಜ್ವರದ ಹಸುಗೂಸಿಗೆ ಉಚ್ಚೆ ಪರೀಕ್ಷೆ ಆ ದಿನವೇ ಆಗಬೇಕು.

ವಿದ್ಯುತ್ ಪ್ರಚೋದನೆಯನ್ನೂ ಮಾಡಿ ನೋಡಿದೆ. ಬೆನ್ನಿನ ಕೆಳಗೆ ತ್ರಿಕಾಸ್ಥಿಯ ಎರಡೂ ಬದಿ ಪ್ಯಾಡ್ ಅಂಟಿಸಿ, 10 ಹರ್ಟ್ಸ್, 20 ನಿಮಿಷ, ವಾರಕ್ಕೆ ಮೂರು ಸಲ. ಹನ್ನೆರಡು ಮಕ್ಕಳಲ್ಲಿ ಐವರಿಗೆ ಅರ್ಜೆಂಟು ಚೆನ್ನಾಗಿ ಇಳಿಯಿತು, ಇಬ್ಬರಿಗೆ ಹೊಟ್ಟೆಯೂ ಸಲೀಸಾಯಿತು. ವಾರಕ್ಕೆ ಮೂರು ಸಲ ಮಗುವನ್ನು ಕರೆತರಲು ಮನೆಯವರಿಗೆ ಆಗಲಿಲ್ಲ. ನಾಲ್ವರು ಮಧ್ಯದಲ್ಲೇ ಬಿಟ್ಟರು. ಮನೆಗೇ ಯಂತ್ರ ಕೊಟ್ಟು ಮಾಡಿಸುವ ಯೋಚನೆ ಇನ್ನೂ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಈ ದಾರಿಯಲ್ಲಿರುವ ಹಳ್ಳವನ್ನೂ ತೋರಿಸಬೇಕು. ಆರು ವರ್ಷದ ಒಬ್ಬ ಹುಡುಗನಿಗೆ ಮಲಬದ್ಧತೆಯೂ ಇತ್ತು, ಒದ್ದೆಯೂ ಇತ್ತು. ಪುಡಿಗೆ ಅರ್ಧ ಸರಿಹೋದ. ನಾನು ಅದನ್ನೇ ಮುಂದುವರಿಸಿದೆ. ಐದನೇ ತಿಂಗಳು ಅವನ ಅಜ್ಜಿ “ಒಂದು ಕಾಲಿನ ಚಪ್ಪಲಿ ಮಾತ್ರ ಬೇಗ ಸವೆಯುತ್ತದೆ” ಎಂದರು. ಪಾದ ನೋಡಿದೆ: ಎಡಗಾಲು ಅರ್ಧ ಅಳತೆ ಚಿಕ್ಕದು, ಕಮಾನು ಎತ್ತರ, ಹಿಮ್ಮಡಿಯ ರಿಫ್ಲೆಕ್ಸ್ ಮಂದ. ಪೃಷ್ಠದ ಸೀಳು ಒಂದು ಕಡೆಗೆ ವಾಲಿತ್ತು. ಎಂಆರ್‌ಐನಲ್ಲಿ ಬೆನ್ನುಹುರಿ ಕೆಳಗೆ ಸಿಕ್ಕಿಹಾಕಿಕೊಂಡಿತ್ತು. ಕೆಟ್ಟ ಬೆನ್ನುಹುರಿ ಎರಡೂ ಬಾಗಿಲನ್ನು ಒಟ್ಟಿಗೆ ಕೆಡಿಸುತ್ತದೆ. “ಹೊಟ್ಟೆ ಕಟ್ಟಿದೆ, ಅದಕ್ಕೇ ಒದ್ದೆ” ಎಂದು ತೀರ್ಮಾನಿಸುವವರು ಮೊದಲು ಸಿಕ್ಕಿಬೀಳುವುದು ಇಲ್ಲೇ. ಈಗ ಪ್ರತಿ ಮಗುವಿನ ಚಡ್ಡಿ ಇಳಿಸಿ ಸೊಂಟದ ಕೆಳಗೆ ಕೂದಲ ಗೊಂಚಲು, ಗುಳಿ, ಗಂಟು, ವಾಲಿದ ಸೀಳು ನೋಡದೆ, ಬರಿಗಾಲಲ್ಲಿ ನಡೆಸದೆ ನಾನು ಪುಡಿ ಬರೆಯುವುದಿಲ್ಲ. ಹುಟ್ಟಿದಾಗ ಮೊದಲ ಕಪ್ಪು ಮಲ ಎರಡು ದಿನದೊಳಗೆ ಬಂದಿತ್ತೇ ಎಂದೂ ಕೇಳುತ್ತೇನೆ.

ಇನ್ನೊಬ್ಬಳು ಹುಡುಗಿ. ಹೊತ್ತುಹೊತ್ತಿಗೆ ಚೆನ್ನಾಗಿ ಹೊಯ್ಯುತ್ತಿದ್ದಳು, ಆದರೆ ಚಡ್ಡಿ ಯಾವತ್ತೂ ತೇವ. ನಿಂತರೂ, ಕೂತರೂ, ಮಲಗಿದರೂ. ಎಂಟು ತಿಂಗಳು ನನ್ನ ಪುಡಿ, ಮಣೆ, ಗುಳ್ಳೆ ಎಲ್ಲ ಮಾಡಿಸಿದೆ. ಅದು ಮೂತ್ರನಾಳವೊಂದು ಮೂತ್ರಕೋಶಕ್ಕೆ ಸೇರದೆ ಕೆಳಗೆ ಹೊರಗೆ ತೆರೆದುಕೊಂಡ ಹುಟ್ಟುದೋಷ. ಶಸ್ತ್ರಚಿಕಿತ್ಸೆಯಾದ ಮರುವಾರ ಒಣ ಚಡ್ಡಿ. “ಒಂದು ಗಂಟೆಯಾದರೂ ಪೂರ್ತಿ ಒಣಗಿರುತ್ತದೆಯೇ?” ಎಂಬ ಒಂದು ಪ್ರಶ್ನೆ ಮೊದಲ ದಿನವೇ ಕೇಳಿದ್ದರೆ ಆ ಎಂಟು ತಿಂಗಳು ಉಳಿಯುತ್ತಿತ್ತು. ಅದೇ ಹುಡುಗಿಯರಲ್ಲಿ ಉಚ್ಚೆಯಾಗಿ ಹತ್ತು ನಿಮಿಷದೊಳಗೆ ಸ್ವಲ್ಪ ತೇವವಾಗುವುದು ಬೇರೆ: ತೊಡೆ ಕೂಡಿಸಿ ಕೂತಾಗ ಉಚ್ಚೆ ಒಳಕ್ಕೆ ಹಿಮ್ಮರಳಿ, ಎದ್ದ ಮೇಲೆ ಸೋರುತ್ತದೆ. ತೊಡೆ ಅಗಲಿಸಿ ಕೂರಿಸಿದರೆ ವಾರದಲ್ಲಿ ನಿಲ್ಲುತ್ತದೆ. ಹುಡುಗರಲ್ಲಿ ಧಾರೆ ಸಣ್ಣಗಾಗಿ ತಿಣುಕುತ್ತಿದ್ದರೆ ಉಚ್ಚೆಯ ದಾರಿಗೆ ಅಡ್ಡ ಬರುವ ಕವಾಟದ ಹುಟ್ಟುದೋಷ ನೋಡಿ. ನೀರಡಿಕೆ, ತೂಕ ಇಳಿಯುವುದು ಇದ್ದರೆ ಸಕ್ಕರೆ ಆ ಗಂಟೆಯಲ್ಲೇ.

ರಾತ್ರಿಯ ಒದ್ದೆಗೆ ನಾನು ಕೊನೆಗೆ ಕೈಹಾಕುತ್ತೇನೆ, ಐದು ದಾಟಿದ ಮೇಲೆ, ಹಗಲು ಮತ್ತು ಹೊಟ್ಟೆ ಎರಡೂ ಸರಿಯಾದ ಮೇಲೆ. ಹಗಲಿನದು ನಿಂತ ಮಕ್ಕಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ರಾತ್ರಿಯದೂ ತಾನಾಗಿ ನಿಂತಿದೆ. ಉಳಿದವರಿಗೆ ಒದ್ದೆಯಾದೊಡನೆ ಸದ್ದು ಮಾಡುವ ಅಲಾರಂ. 1904ರಲ್ಲಿ ಫೌಂಡ್ಲರ್ ಎಂಬ ಮಕ್ಕಳ ವೈದ್ಯರು ಒದ್ದೆಯಾದದ್ದು ನರ್ಸ್‌ಗೆ ತಿಳಿಯಲಿ ಎಂದು ಗಂಟೆ ಕಟ್ಟಿದರು. ಮಕ್ಕಳು ಒದ್ದೆ ಮಾಡುವುದನ್ನೇ ಬಿಟ್ಟರು. ಇವತ್ತಿಗೂ ಅದಕ್ಕಿಂತ ಒಳ್ಳೆಯದು ಬಂದಿಲ್ಲ. ಕೊಳ್ಳಲಾಗದ ಮನೆಗಳಿಗೆ ಎರವಲು ಕೊಡಲು ಆರು ಅಲಾರಂ ಕೊಂಡೆ. ಎರಡು ಮರಳಿ ಬರಲಿಲ್ಲ. ಸದ್ದಿಗೆ ಮಗು ಏಳುವುದಿಲ್ಲ, ಮನೆಯೆಲ್ಲ ಏಳುತ್ತದೆ. ಮೊದಲ ಮೂರು ವಾರ ದೊಡ್ಡವರೊಬ್ಬರು ಪಕ್ಕದಲ್ಲೇ ಮಲಗಿ ಎಬ್ಬಿಸಿ ನಿಲ್ಲಿಸಬೇಕು. ಅದಕ್ಕೆ ಒಪ್ಪದ ಮನೆಗೆ ಅಲಾರಂ ಕೊಡುವುದೇ ಇಲ್ಲ. ರಾತ್ರಿ ಉಚ್ಚೆಯ ಉತ್ಪತ್ತಿ ಇಳಿಸುವ ಡೆಸ್ಮೋಪ್ರೆಸಿನ್ ಬೇಕಾದ ಮಕ್ಕಳಿಗೆ ಕೊಡುತ್ತೇನೆ, ಆದರೆ ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ನೀರು ಕಟ್ಟುನಿಟ್ಟಾಗಿ ಕಡಿಮೆ. ಇದನ್ನು ಮನೆಯವರು ನನ್ನ ಮುಂದೆ ಬಾಯಿಬಿಟ್ಟು ಹೇಳಿದ ಮೇಲೆ ಮಾತ್ರ.

ಹೊಟ್ಟೆ ಖಾಲಿಯಾಗಿ, ಕೂರುವುದು ಸರಿಯಾಗಿ, ಮೂರು ತಿಂಗಳಾದರೂ ಒದ್ದೆ ನಿಲ್ಲದ ಮೂರನೇ ಒಂದು ಪಾಲು ಮಕ್ಕಳು ಉಳಿಯುತ್ತಾರೆ. ಉಳಿಕೆ ಇಲ್ಲದವರಿಗೆ ಈಗ ಆಕ್ಸಿಬ್ಯುಟಿನಿನ್ ಕೊಡುತ್ತೇನೆ, ಪುಡಿಯನ್ನು ನಿಲ್ಲಿಸದೆ. ಹಿಂದೆ ಪೂರ್ತಿ ಪ್ರಮಾಣಕ್ಕೂ ಬಗ್ಗದಿದ್ದ ಮೂತ್ರಕೋಶ ಖಾಲಿ ಹೊಟ್ಟೆಯ ಮಗುವಿನಲ್ಲಿ ಅದರ ಅರ್ಧಕ್ಕೇ ತಣ್ಣಗಾಗುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಉಳಿಕೆ ಇರುವವರಿಗೆ ಆ ಔಷಧಿ ಇಲ್ಲ. ಅವರಿಗೆ ಯೂರೋಫ್ಲೋ ಪರದೆಯನ್ನು ತೋರಿಸುತ್ತಲೇ ಸ್ನಾಯು ಸಡಿಲಿಸುವುದನ್ನು ಕಲಿಸುತ್ತೇವೆ, ಸಾಲ ಮಾಡಿ ತಂದ ಯಂತ್ರ ಅಲ್ಲಿ ಉಪಯೋಗಕ್ಕೆ ಬಂದಿದೆ. ಈ ತಿಂಗಳು ಅಂಥ ನಾಲ್ವರಿದ್ದಾರೆ. ಇಬ್ಬರ ಉಳಿಕೆ 15 ಮಿಲಿಗೆ ಇಳಿದಿದೆ. ಇನ್ನಿಬ್ಬರಿಗೆ ಬೆನ್ನಿನ ಎಂಆರ್‌ಐ ಬರೆದುಕೊಟ್ಟಿದ್ದೇನೆ. ಫಿಲಂ ಬರುವುದನ್ನು ಕಾಯುತ್ತಿದ್ದೇನೆ.